ಮನೆಯಲ್ಲಿ ತುಂಬಿದ ಗುಂಡು

ಚನ್ನಬಸಪ್ಪನಿಗೆ ಬೇರೆಯವರು ಮಾಡಿದ ಯಾವ ಕೆಲಸವೂ ಮನಸ್ಸಿಗೆ ಬರುತ್ತಿರಲಿಲ್ಲ. ಹೈದರಾಬಾದಿನ ಬಾಲಾನಗರದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ವಿಮಾನದ ಉಪಕರಣಗಳಿಗೆ ಬಿಡಿಭಾಗ ಕೊರೆದವನು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದವನು. ನಿವೃತ್ತನಾದ ಮೇಲೂ ಆ ಚಾಳಿ ಹೋಗಲಿಲ್ಲ. ಬಡಗಿ ಬಾಗಿಲು ಕೂರಿಸುವಾಗ ಸ್ಕೇಲು ಹಿಡಿದು ಬೆನ್ನ ಹಿಂದೆ ನಿಲ್ಲುತ್ತಿದ್ದ. ಹೆಂಡತಿ ಗುಣವತಿ ಬಡಿದ ರೊಟ್ಟಿಯ ಅಂಚಿನ ಬಗ್ಗೆ ಒಂದು ಮಾತಾಡದೆ ಊಟ ಮುಗಿಸುತ್ತಿರಲಿಲ್ಲ. ಇಂಥವನ ಜೊತೆ ಸಂಸಾರ ಮಾಡಿದ್ದಕ್ಕೆ ಕಾರ್ಖಾನೆಯವರು ಆಕೆಗೊಂದು ಪದಕ ಕೊಡಬೇಕಿತ್ತು.

ಮನೆಯಲ್ಲಿ ಕೂತು ಕೂತು ಬೇಸತ್ತ ಅವನು ಚಿನ್ನದ ಮೇಲೆ ಸಾಲ ಕೊಡುವ ಒಂದು ಕಚೇರಿಗೆ ಬಂದೂಕಿನ ಕಾವಲುಗಾರನಾಗಿ ಸೇರಿದ. ಬಂದೂಕು ಅಪ್ಪನಿಂದ ಬಂದದ್ದು. ಹುನಗುಂದದ ಕಡೆಯ ಹೊಲದಲ್ಲಿ ಕಾಡುಹಂದಿ ಓಡಿಸಲು ಇಟ್ಟುಕೊಂಡಿದ್ದ ಜೋಡುನಳಿಗೆಯದು. ಅದರ ಲೈಸೆನ್ಸು ಚೊಕ್ಕವಾಗಿತ್ತು. ಎಡವಟ್ಟಾಗಿದ್ದು ಗುಂಡಿನ ವಿಷಯದಲ್ಲಿ. ಅವನ ಊರಲ್ಲಿ ಹಾರಿಸಿದ ಗುಂಡಿನ ಖಾಲಿ ಕೋಶವನ್ನು ಯಾರೂ ಎಸೆಯುತ್ತಿರಲಿಲ್ಲ. ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕ್ಯಾಪು ಕೂರಿಸಿ, ಮದ್ದು, ಚರೆ ತುಂಬಿ ಮತ್ತೆ ಬಳಸುವುದು ಅಪ್ಪನ ಕಾಲದ ರೂಢಿ. ಚನ್ನಬಸಪ್ಪ ಅದನ್ನು ಹೈದರಾಬಾದಿಗೂ ತಂದ. ಅಂಗಡಿಯಲ್ಲಿ ಕೊಂಡ ಗುಂಡುಗಳು ಟ್ರಂಕಿನಲ್ಲಿ ಬಿದ್ದಿರುತ್ತಿದ್ದವು, ಬಂದೂಕಿನೊಳಗೆ ಇವನೇ ತೂಗಿ ತುಂಬಿದವು ಇರುತ್ತಿದ್ದವು. ಯಾವನೋ ಅರೆನಿದ್ದೆಯಲ್ಲಿ ತುಂಬಿದ ಗುಂಡನ್ನು ನಂಬಿ ಪ್ರಾಣ ಒತ್ತೆ ಇಡುವಷ್ಟು ದಡ್ಡ ತಾನಲ್ಲ ಎಂದು ಅವನ ವಾದ.

ಒಂದು ಮಧ್ಯಾಹ್ನ ಕಚೇರಿಗೆ ಇಬ್ಬರು ಮಚ್ಚು ಹಿಡಿದು ನುಗ್ಗಿದರು. ಒಬ್ಬ ಗಲ್ಲಾಪೆಟ್ಟಿಗೆಯ ಹುಡುಗಿಯ ಕುತ್ತಿಗೆಗೆ ಮಚ್ಚು ಇಟ್ಟ. ಉಳಿದವರೆಲ್ಲ ಮೇಜಿನಡಿ ಸೇರಿ ಕೂಗತೊಡಗಿದರು. ಇನ್ನೊಬ್ಬ, ಮೂಳೆ ಚಕ್ಕಳದಂಥ ಸಣಕಲ, ಮುಖಕ್ಕೆ ಕಟ್ಟಿದ್ದ ಕರವಸ್ತ್ರ ಜಾರಿಸಿಕೊಂಡು ಚನ್ನಬಸಪ್ಪನ ಮೇಲೇ ಬಂದ. ಚನ್ನಬಸಪ್ಪ ಬಂದೂಕನ್ನು ಅವನ ಎದೆಗೆ ಹಿಡಿದು ಟ್ರಿಗರ್ ಎಳೆದ. ಟಕ್ ಅಂದಿತು, ಅಷ್ಟೆ. ಎರಡನೆಯದನ್ನೂ ಎಳೆದ. ಮತ್ತೆ ಟಕ್. ಅಷ್ಟರಲ್ಲಿ ಆ ಸಣಕಲನ ಕೈಯಿಂದ ಮಚ್ಚು ಬಿದ್ದು, ಅವನು ಓಡಿದ. ಅವನ ಹಿಂದೆ ಇನ್ನೊಬ್ಬನೂ ಓಡಿದ. ಆ ಗದ್ದಲದಲ್ಲಿ ಟಕ್ ಅಂದದ್ದು ಯಾರಿಗೂ ಕೇಳಿಸಲಿಲ್ಲ.

ಇನ್‌ಸ್ಪೆಕ್ಟರ್ ವಾಸುದೇವ ಬಂದು ಬೆನ್ನು ತಟ್ಟಿದರು. ಗುಂಡು ಹಾರಿತೇ ಎಂದು ಕೇಳಿದರು. ಹಾರಲಿಲ್ಲ ಎಂದ ಚನ್ನಬಸಪ್ಪ. ಅದು ಸುಳ್ಳೇನೂ ಅಲ್ಲ. ನಾಳೆ ಬೆಳಿಗ್ಗೆ ಬಂದೂಕು, ಲೈಸೆನ್ಸು, ಇರುವ ಗುಂಡುಗಳನ್ನೆಲ್ಲ ಸ್ಟೇಷನ್ನಿಗೆ ತನ್ನಿ, ಹೇಳಿಕೆ ಬರೆದುಕೊಳ್ಳಬೇಕು ಎಂದು ಅವರು ಹೋದರು. ತಾನು ತುಂಬಿದ್ದು ಕೈಕೊಟ್ಟಿತಲ್ಲ ಎಂಬ ಅವಮಾನವನ್ನು ಚನ್ನಬಸಪ್ಪ ನುಂಗಿಕೊಂಡ.

ಸಂಜೆ ಮನೆಯಲ್ಲಿ ಟ್ರಿಗರ್ ಸಂಗತಿಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಗಳು ಲಹರಿಗೆ ಹೇಳಿದ. ಅವಳು ವಕೀಲಿಕೆ ಹಿಡಿದು ಎರಡು ವರ್ಷವಾಗಿತ್ತು.

"ಒಳಗಿದ್ದದ್ದು ನಾನ ತುಂಬಿದ್ದು, ಅಂಗಡೀವಲ್ಲ" ಎಂದು ಸೇರಿಸಿದ.

ಲಹರಿ ಚಹಾದ ಕಪ್ಪು ಕೆಳಗಿಟ್ಟಳು. "ಅಪ್ಪಾ, ಇವನ್ನ ನಾಳೆ ಸ್ಟೇಷನ್ನಿಗೆ ಒಯ್ಯೋರು ಇದ್ದೀರಿ?"

"ಯಾಕ? ಜೀವಾ ಉಳಿಸ್ಕೊಳ್ಳಾಕ ಹಕ್ಕಿಲ್ಲೇನು?"

"ಐತ್ರಿ. ಮಚ್ಚು ಹಿಡದು ಬಂದವನ ಮ್ಯಾಲ ಗುಂಡು ಹಾರಿಸಿದ್ರ ಕಾನೂನು ನಿಮ್ಮ ಬೆನ್ನಿಗೆ ನಿಲ್ತೈತಿ. ಆದ್ರ ಗುಂಡು ಮಾಡೂದು ಬ್ಯಾರೆ ಗುನ್ಹೆ. ನಿಮ್ಮ ಲೈಸೆನ್ಸು ಇಟ್ಕೊಳ್ಳಾಕ ಐತಿ, ತಯಾರ ಮಾಡಾಕ ಇಲ್ಲ. ಏಳು ವರ್ಷಕ್ಕ ಕಡಿಮಿ ಇಲ್ಲ ಶಿಕ್ಷಾ."

"ನಾ ಯಾರಿಗೂ ಮಾರಿಲ್ಲಲ್ಲ!"

"ಮಾರಬೇಕಂತೇನಿಲ್ಲ. ಗುಂಡು ಹಾರಿ ಅಂವ ಸತ್ತಿದ್ರ ಸರ್ಕಾರಿ ವಕೀಲರು ಕೇಳೂದು ಒಂದ ಮಾತು. ಟ್ರಂಕಿನ್ಯಾಗ ಅಂಗಡಿ ಗುಂಡು ಇದ್ವು, ಮನ್ಯಾಗ ಕುಂತು ಯಾಕ ತುಂಬಿದಿ? ಹೆಚ್ಚು ಪೆಟ್ಟು ಬೀಳ್ಲಿ ಅಂತ ತುಂಬಿದೇನು? ಅಲ್ಲಿಗೆ ನಿಮ್ಮ ಹಕ್ಕಿನ ಮಾತು ಮುಳುಗಿಹೋಗತೈತಿ."

ಚನ್ನಬಸಪ್ಪ ತನ್ನ ಅರವತ್ತೆರಡು ವಯಸ್ಸಿಗೆ ಏಳು ಕೂಡಿಸಿ ನೋಡಿದ. ಕೈಗೆ ಬೇಡಿ ಹಾಕಿಕೊಂಡು ಹಳೆಯ ಸಹೋದ್ಯೋಗಿಗಳ ಎದುರು ನಡೆದು ಹೋಗುವುದು ಕಣ್ಣಿಗೆ ಕಟ್ಟಿತು. ಗುಂಡುಗಳನ್ನೆಲ್ಲ ನಾಲೆಗೆ ಎಸೆದು ಬರುತ್ತೇನೆ ಎಂದು ಎದ್ದ. ಪುರಾವೆ ಮುಚ್ಚಿಟ್ಟರೆ ಅದು ಎರಡನೇ ಗುನ್ಹೆ ಎಂದು ಲಹರಿ ಕೂರಿಸಿದಳು.

ಆಗ ಗುಣವತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ಅದರಾಗ ಮದ್ದಿಲ್ರಿ" ಎಂದಳು.

"ಏನಂದಿ?"

"ಮದ್ದಿನ ಡಬ್ಬಿ ತಂದು ಒಲಿ ಬಾಜೂಕ ಇಟ್ಟಿದ್ರಿ. ಎಷ್ಟ ಸಲ ಹೇಳೀನಿ ತಗೀರಿ ಅಂತ, ಕೇಳಿದ್ರೇನು? ಹೋಳಿ ಹಬ್ಬದ ದಿನಾ ನೀರಿಗೆ ಸುರುವಿ, ಗುರೆಳ್ಳು ಹುರದು ಕುಟ್ಟಿ ಅದರಾಗ ತುಂಬಿಟ್ಟೆ. ಆ ಸಣ್ಣ ಸಣ್ಣ ಕ್ಯಾಪಿಗೂ ಕೊಬ್ರಿ ಎಣ್ಣಿ ಸುರುವಿ ಒರಸಿಟ್ಟೆ."

ಚನ್ನಬಸಪ್ಪ ಒಂದು ಗುಂಡಿನ ಬಾಯಿ ಬಿಡಿಸಿ ತಟ್ಟೆಗೆ ಸುರಿದ. ಕರಿ ಕರಿ ಪುಡಿ ಬಿತ್ತು, ನೋಡಲು ಮದ್ದಿನಂತೆಯೇ. ಕೊರೊನಾ ಬಂದು ಹೋದಾಗಿನಿಂದ ಅವನ ಮೂಗಿಗೆ ವಾಸನೆ ತಿಳಿಯುತ್ತಿರಲಿಲ್ಲ. ನಾಲಿಗೆಗೆ ಇಟ್ಟು ನೋಡಿದ. ಐದು ತಿಂಗಳಿಂದ ಚಟ್ನಿಪುಡಿಯನ್ನು ತೂಕ ಹಾಕಿ ಹಾಕಿ ತುಂಬಿದ್ದನಂತೆ, ನಮ್ಮ ಕೂದಲೆಳೆ ಲೆಕ್ಕದ ಪಂಡಿತ! ಲಹರಿಗೆ ನಗು ತಡೆಯಲಾಗಲಿಲ್ಲ. ಗುಣವತಿ ಮಾತ್ರ ನಗಲಿಲ್ಲ.

"ಆ ಕಳ್ಳ ಓಡದ ಇದ್ದಿದ್ರ ನಿಮ್ಮ ಗತಿ ಏನಾಗತಿತ್ರಿ? ಖಾಲಿ ಬಂದೂಕು ಕೊಟ್ಟು ಕಳಿಸಿದಂಗಾತಲ್ಲ ನಾನು" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬಯ್ಯಬೇಕೆಂದು ಬಾಯಿ ತೆರೆದಿದ್ದ ಚನ್ನಬಸಪ್ಪ ಎದ್ದು ಆಕೆಗೆ ನೀರು ತಂದುಕೊಟ್ಟ.

ಮರುದಿನ ಮೂವರೂ ಸ್ಟೇಷನ್ನಿಗೆ ಹೋದರು. ಏನನ್ನೂ ಮುಚ್ಚಿಡಬೇಡಿ ಎಂದು ಲಹರಿ ದಾರಿಯುದ್ದಕ್ಕೂ ಹೇಳಿದ್ದಳು. ಚನ್ನಬಸಪ್ಪ ಮದ್ದು ತುಂಬುತ್ತಿದ್ದುದನ್ನು ಹೇಳಿದ, ಗುರೆಳ್ಳಿನ ಕತೆ ಹೇಳಿದ. ಕೊನೆಗೆ ತಲೆ ತಗ್ಗಿಸಿ, ಎರಡು ಸಲ ಟ್ರಿಗರ್ ಎಳೆದದ್ದನ್ನೂ ಹೇಳಿದ. ಪಕ್ಕದಲ್ಲಿದ್ದ ಗುಣವತಿ ಅವನ ತೋಳು ಹಿಡಿದುಕೊಂಡಳು.

ವಾಸುದೇವ ಪುಡಿಯನ್ನು ಕಾಗದದ ಮೇಲೆ ಸುರಿದು ಮೂಸಿದರು. ಗುಂಡು ಪರೀಕ್ಷಿಸುವ ತಜ್ಞನನ್ನು ಕರೆಸಿ ಕ್ಯಾಪುಗಳನ್ನು ತೋರಿಸಿದರು. ಗಂಟೆ ಹೊತ್ತು ಮೂವರೂ ಬೆಂಚಿನ ಮೇಲೆ ಕಾದರು. ಆಮೇಲೆ ವಾಸುದೇವ ಹಿಂದಿಯಲ್ಲಿ, "ಚಾಚಾ, ಇದರಲ್ಲಿ ಹಾರುವಂಥದ್ದು ಏನೂ ಇಲ್ಲ. ಅಡುಗೆ ಸಾಮಾನಿನ ಮೇಲೆ ಕೇಸು ಹಾಕಿದರೆ ಜಡ್ಜ್ ನನ್ನನ್ನು ಒಳಗೆ ಹಾಕುತ್ತಾರೆ. ಇನ್ನೊಂದು ಸಲ ಇದಕ್ಕೆ ಕೈ ಹಾಕಿದಿರೋ, ನಾನೇ ಜೈಲಿಗೆ ಕರೆದುಕೊಂಡು ಹೋಗುತ್ತೇನೆ" ಎಂದು ಗದರಿಸಿ, ಮುಚ್ಚಳಿಕೆ ಬರೆಸಿಕೊಂಡರು. ಯಾರೂ ಕೇಳದಿದ್ದರೂ ಚನ್ನಬಸಪ್ಪ ಬಂದೂಕು, ಲೈಸೆನ್ಸು ಎರಡನ್ನೂ ಮೇಜಿನ ಮೇಲಿಟ್ಟ. ಅಬ್ಬಾ, ಬದುಕಿದೆ ಎಂದು ಅವನಿಗೆ ಕೂಗಿ ಹೇಳಬೇಕೆನಿಸಿತು.

ಹೊರಡುವಾಗ ಲಾಕಪ್ಪಿನ ಮುಂದೆ ಅವನ ಕಾಲು ನಿಂತಿತು. ಬೆಳಗಿನ ಜಾವ ಹಿಡಿದು ತಂದಿದ್ದ ಆ ಸಣಕಲ ಗೋಡೆಗೆ ಒರಗಿ ಕೂತು, ಕಾಗದದ ಲೋಟದ ಚಹಾವನ್ನು ಊದಿ ಊದಿ ಕುಡಿಯುತ್ತಿದ್ದ. ಚನ್ನಬಸಪ್ಪನ ಕಣ್ಣು ತುಂಬಿ ಬಂತು.

"ಯಾರ್ರೀ ಅಂವ?" ಎಂದು ಗುಣವತಿ ಕೇಳಿದಳು.

"ನಿನ್ನೆ ನಾ ಕೊಂದೆನಲ್ಲ, ಅಂವ. ಅಲ್ಲಿ ನೋಡ, ಚಾ ಕುಡ್ಯಾಕತ್ತಾನ."