ಕಿವಿರು ಎತ್ತಿ ನೋಡುವ ರತ್ನಾವತಿ

ಬೆಳಿಗ್ಗೆ ಆರೂಕಾಲು. ಬೆಳ್ಮಣ್ ಪೇಟೆಯಿಂದ ಸ್ವಲ್ಪ ಒಳಗಿರುವ ಸಣ್ಣ ಕಾರ್ಖಾನೆಯಲ್ಲಿ ಯಂತ್ರಗಳಿನ್ನೂ ಎದ್ದಿಲ್ಲ. ಕಾಪುವಿನಿಂದ ಮೊದಲ ಬಸ್ಸಿಗೆ ಬಂದ ರತ್ನಾವತಿ ಕೈ ತೊಳೆದು, ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ ಮೇಜಿನ ಮೇಲಿನ ಮೊದಲ ಚೀಲವನ್ನು ಕಿವಿಯ ಬಳಿ ಹಿಡಿದು ಒತ್ತುತ್ತಾರೆ. ಪುಸ್ಸ್. ಒಂದೇ ಸಲ. ಅದನ್ನು ಪಕ್ಕಕ್ಕಿಟ್ಟು ಮುಂದಿನದು.

ಉಸಿರು ನಿಂತವರ ಮೂಗುಬಾಯಿಗೆ ಮಾಸ್ಕ್ ಇಟ್ಟು, ಕೈಯಿಂದ ಒತ್ತಿ ಗಾಳಿ ಕೊಡುವ ರಬ್ಬರ್ ಚೀಲಗಳಿವು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು, ಆಗತಾನೇ ಹುಟ್ಟಿದ ಶಿಶುಗಳಿಗೆ. ಒಳಗೆ ಎರಡು ತುಟಿಗಳಂತೆ ತೆರೆದು ಮುಚ್ಚುವ ತೆಳು ರಬ್ಬರಿನ ಕವಾಟವುಂಟು. ಕಂಪೆನಿಯ ಕಾಗದದಲ್ಲಿ ಅದಕ್ಕೆ ಉದ್ದದ ಇಂಗ್ಲಿಷ್ ಹೆಸರು. ರತ್ನಾವತಿಗೆ ಅದು 'ಕಿವಿರು'. ಹತ್ತೊಂಬತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವರು. ಮೊಣಕಾಲು ಕೈಕೊಟ್ಟ ಮೇಲೆ ಇಲ್ಲಿ ಎಂಟು ವರ್ಷ, ಮೊದಮೊದಲು ಪ್ಯಾಕಿಂಗಿನಲ್ಲಿ.

"ಮೀನಿನ ಹೊಳಪು ನೋಡಿ ತೆಕ್ಕೊಂಡವ ಕೆಟ್ಟ. ಕಿವಿರು ಎತ್ತಿ ನೋಡಬೇಕು. ಇದೂ ಹಾಗೆಯೇ ಮಾರಾಯ್ರೆ," ಎನ್ನುತ್ತಾರೆ. ಈಗ ರಿಜಿಸ್ಟರಿನಲ್ಲೂ ಎಲ್ಲರೂ 'ಕಿವಿರು ಸರಿ' ಎಂದೇ ಬರೆಯುತ್ತಾರೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, "ಇಲ್ಲಿ ಮೀನೂ ಉಂಟಾ?" ಎಂದು ಕೇಳಿದ್ದರಂತೆ.

ಕಳೆದ ಆಟಿ ತಿಂಗಳ ಜಡಿಮಳೆಯಲ್ಲಿ ನೂರ ಎಂಬತ್ತು ಶಿಶುಚೀಲಗಳು ಲಾರಿ ಏರಬೇಕಿತ್ತು. ಹಿಂದಿನ ದಿನವೇ, ಚೀಲ ಒತ್ತಿ ಗಾಳಿ ಅಳೆಯುವ ಮೀಟರು ಎಲ್ಲವನ್ನೂ ಪಾಸು ಮಾಡಿತ್ತು. ಕೊನೆಯ ಪೆಟ್ಟಿಗೆ ಮುಚ್ಚುವ ಮುನ್ನ ರತ್ನಾವತಿ ಒಂದನ್ನು ಸುಮ್ಮನೆ ಒತ್ತಿದರು. ಸದ್ದಿಲ್ಲ. ಎರಡನೆಯ ಸಲ ಬಂತು.

"ಬಂತಲ್ವಾ ರತ್ನಕ್ಕ," ಎಂದರು ಮೇಲ್ವಿಚಾರಕ ಜೋಯಲ್. "ಮೀಟರು ಹತ್ತು ಸಲ ಒತ್ತಿ ನೋಡಿದೆ. ನೀವು ಮೀಟರಿಗಿಂತ ದೊಡ್ಡವರಾ?"

"ಮೀಟರಿಗೆ ಹತ್ತು ಉಂಟು. ಹುಟ್ಟಿದ ಮಗುವಿಗೆ ಮೊದಲನೆಯದೇ ಬೇಕಲ್ವಾ?"

"ನಿಮ್ಮ ಮಾತು ತಪ್ಪಾದರೆ ಪುನಃ ಪ್ಯಾಕಿಂಗಿಗೆ ಹಾಕ್ತಾರೆ."

"ಹಾಕಲಿ. ಅಲ್ಲಿಯೂ ಒತ್ತಿಯೇ ಕಟ್ಟುವುದು ನಾನು."

ಕೊನೆಗೆ ಜೋಯಲ್ ಲಾರಿಯನ್ನು ಖಾಲಿ ಕಳಿಸಿದರು. ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಒತ್ತಿದಾಗ ಹನ್ನೊಂದು ಚೀಲಗಳ ಕಿವಿರು ಅಂಟಿಕೊಂಡಿತ್ತು. ತೊಳೆದ ರಬ್ಬರು ಮಳೆಯ ತೇವದಲ್ಲಿ ಪೂರ್ತಿ ಒಣಗುವ ಮೊದಲೇ ಜೋಡಿಸಿದ್ದರು; ರಾತ್ರಿಯಿಡೀ ಸುಮ್ಮನಿದ್ದಾಗ ಅದರ ತುಟಿಗಳು ಅಂಟಿದ್ದವು. ಆ ಮಧ್ಯಾಹ್ನ ರತ್ನಾವತಿಯ ಚಹಾವನ್ನು ಜೋಯಲ್ ತಾವೇ ತಂದುಕೊಟ್ಟರು.

ಅಂದಿನಿಂದ ಜೋಡಿಸಿದ ಚೀಲಗಳನ್ನು ಒಂದು ರಾತ್ರಿ ಯಾರೂ ಮುಟ್ಟುವಂತಿಲ್ಲ. ಬೆಳಿಗ್ಗೆ ಮೊದಲ ಒತ್ತು ರತ್ನಾವತಿಯ ಕೈಯದು, ದಿನಕ್ಕೆ ನೂರೈವತ್ತು. ಯಂತ್ರ ಶುರುವಾದರೆ ಸದ್ದು ಕೇಳದು. ಅದಕ್ಕೇ ಮೊದಲ ಬಸ್ಸು. ಗುರುತುಚೀಟಿಯಲ್ಲಿ ಈಗಲೂ ಅವರು ಬರೀ 'ಸಹಾಯಕಿ'.

ತಾವು ಒತ್ತಿ ಕಳಿಸಿದ ಚೀಲ ಕೆಲಸ ಮಾಡುವುದನ್ನು ಅವರು ಒಮ್ಮೆಯೂ ಕಂಡಿಲ್ಲ. ಮಗಳು ನವ್ಯಶ್ರೀ ಮಣಿಪಾಲದಲ್ಲಿ ನರ್ಸ್. "ಒಂದು ದಿನ ಬಾ ಅಮ್ಮ, ತೋರಿಸ್ತೇನೆ," ಎಂದು ಕರೆಯುತ್ತಲೇ ಇರುತ್ತಾಳೆ.

"ಬೇಡ ಮಗಾ," ಎಂದು ಮಗಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತಾರೆ ರತ್ನಾವತಿ, ಇನ್ನೊಂದು ಚೀಲವನ್ನು ಕಿವಿಗೆ ಹಿಡಿಯುತ್ತ. "ನಾನು ನೋಡಬೇಕಾದರೆ ಯಾರದೋ ಮಗು ಹುಟ್ಟಿಯೂ ಅಳದೆ, ಉಸಿರಿಲ್ಲದೆ ಮಲಗಬೇಕಲ್ವಾ? ಚೀಲ ಆಸ್ಪತ್ರೆಯ ಕಪಾಟಿನಲ್ಲೇ ಇರಲಿ. ತೆಗೆದ ದಿನ ಮಾತ್ರ ಮೊದಲ ಒತ್ತಿಗೇ ಮಾತಾಡಲಿ."