ಸೀರೆಯೊಳಗಿನ ಪಿಸ್ತೂಲು

ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಅದಾಗಿ ಈಗ ಅರವತ್ತು ವರ್ಷವಾದರೂ ಆಗಿರಬೇಕು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಏಳೆಂಟು ವರ್ಷವಾಗಿತ್ತು. ನನ್ನ ಗಂಡನ ಪಿಸ್ತೂಲನ್ನು ಸೀರೆಯೊಳಗೆ ಕಟ್ಟಿಕೊಂಡು ಮದುವೆ, ತೊಟ್ಟಿಲು, ಕುಬಸ ಎಂದು ನಾನು ಊರೂರು ತಿರುಗಿದ ಕಾಲ ಅದು. ಸೊಸೆಯಂದಿರಿಗೆ ಹೇಳಿದರೆ ನಗುತ್ತಾರೆ. ನಗಲಿ. ನಗುವಂಥದ್ದೇ ಅದು.

ಬಸವಕಲ್ಯಾಣದಲ್ಲಿ ನಮ್ಮ ಮನೆ, ಊರ ಹೊರಗೆ ಹೊಲ. ಹೊಲದ ಬದುವಿನ ಸಲುವಾಗಿ ನನ್ನ ಗಂಡನಿಗೂ ಅವನ ದೊಡ್ಡಪ್ಪನ ಮಗನಿಗೂ ತಕರಾರು ಇತ್ತು. ಒಂದು ದಿನ ಹೋಟೆಲಿನಲ್ಲಿ ಕುಳಿತು ಆ ದೊಡ್ಡಪ್ಪನ ಮಗ, ಸಿಕ್ಕರೆ ಅವನ ಕಾಲು ಮುರಿಯುತ್ತೇನೆ ಅಂದನಂತೆ. ಅಂಥ ಮಾತನ್ನು ನಮ್ಮ ಕಡೆ ಯಾರು ಆಡುವುದಿಲ್ಲ? ಆಡುತ್ತಾರೆ, ಚಹಾ ಮುಗಿಸುತ್ತಾರೆ, ಮನೆಗೆ ಹೋಗಿ ಎಮ್ಮೆ ಕಟ್ಟುತ್ತಾರೆ. ನನ್ನ ಗಂಡನಿಗೆ ಮಾತ್ರ ಅವತ್ತಿನಿಂದ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಬೀದರಿಗೆ ಓಡಾಡಿ, ಕಚೇರಿಯವರಿಗೆ ಸಲಾಮು ಹೊಡೆದು ಲೈಸೆನ್ಸು ಮಾಡಿಸಿದ. ಹೈದರಾಬಾದಿಗೆ ಹೋಗಿ ಪಿಸ್ತೂಲು ತಂದ. ಅದಕ್ಕೆ ಎಣ್ಣೆ ಹಚ್ಚಿ ಒರೆಸಿ ಬಟ್ಟೆ ಸುತ್ತಿಡುವುದನ್ನು ನೋಡಿದರೆ ಬಾಣಂತಿ ಕೂಸಿಗೆ ಎರೆಯುತ್ತಿದ್ದಾಳೇನೋ ಅನ್ನಬೇಕು.

ನನ್ನ ತಾಯಿಯ ತವರು ಗೋರ್ಟಾ. ರಜಾಕಾರರು ಅಲ್ಲಿ ಜನರನ್ನು ಕಡಿದಾಗ ಆಕೆಯ ಮನೆತನದವರೂ ಸತ್ತಿದ್ದರು. ಉಳಿದವರು ಮುಂದೆ ನಮ್ಮ ಮನೆಯ ಮದುವೆಗಳಿಗೆ ಬರುತ್ತಿದ್ದರು. ಬರಿಗೈಯಲ್ಲಿ ಬಂದು, ಚಾಪೆಯ ಮೇಲೆ ಕುಳಿತು, ಹೊಟ್ಟೆ ತುಂಬ ಉಂಡು ಹೋಗುತ್ತಿದ್ದರು. ಅಂಜಿಕೆ ಅಂದರೆ ಏನೆಂದು ಕಂಡವರು ಅವರು. ನನ್ನ ಗಂಡನ ಮೇಲೆ ಒಂದು ಹಸಿ ಬರಲನ್ನೂ ಯಾರೂ ಎತ್ತಿರಲಿಲ್ಲ.

ಮೊದಮೊದಲು ತಾನೇ ಕಟ್ಟಿಕೊಳ್ಳುತ್ತಿದ್ದ. ಆಗ ಟೆರಿಲಿನ್ ಅಂಗಿ ಹೊಸದಾಗಿ ಬಂದಿತ್ತು. ಒಳಗಿದ್ದದ್ದೆಲ್ಲ ಹೊರಗೆ ಕಾಣುವ ಅಂಗಿ ಅದು. ಅದನ್ನೂ ಬಿಡಲೊಲ್ಲ, ಪಿಸ್ತೂಲನ್ನೂ ಬಿಡಲೊಲ್ಲ. ಸೊಂಟಕ್ಕೆ ಕಟ್ಟಿದರೆ ಉಬ್ಬುತ್ತಿತ್ತು, ಕಿಸೆಯಲ್ಲಿ ಇಟ್ಟರೆ ಜೋಲುತ್ತಿತ್ತು. ಕಡೆಗೆ ಒಂದು ಬಟ್ಟೆಯ ಚೀಲ ಹೊಲಿಸಿ, ಕೊರಳಿಗೆ ಹಾಕಿ, ಎದೆಯ ಕೆಳಗೆ ಇಳಿಬಿಟ್ಟ. ನಾವು ಲಿಂಗ ಕಟ್ಟುವ ಮಂದಿ. ಗಂಡಸರ ಅಂಗಿಯೊಳಗೆ ಲಿಂಗದ ಕರಡಿಗೆ ಉಬ್ಬಿ ಕಂಡರೆ ಯಾರೂ ಏನೂ ಕೇಳುವುದಿಲ್ಲ. ಅದರ ಮಗ್ಗುಲಲ್ಲಿ ಇದನ್ನೂ ಇಟ್ಟ.

ಆದರೆ ಕೈ ಸುಮ್ಮನಿರಬೇಕಲ್ಲ. ಜಾರಿತೋ, ಕಂಡಿತೋ ಎಂದು ಗಳಿಗೆಗೊಮ್ಮೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಯಾರಾದರೂ ಮಾತಾಡಿಸಿದರೆ ಮುಟ್ಟುತ್ತಿದ್ದ, ಬಾಗಿಲಲ್ಲಿ ನೆರಳು ಬಿದ್ದರೆ ಮುಟ್ಟುತ್ತಿದ್ದ. ಜನ ಅದನ್ನು ಭಕ್ತಿ ಎಂದುಕೊಂಡರು. ಎಷ್ಟು ನಿಷ್ಠೆ ನೋಡು, ಲಿಂಗದ ಮೇಲಿನ ಕೈ ತೆಗೆಯುವುದೇ ಇಲ್ಲ ಎಂದು ನನ್ನ ಎದುರಿಗೇ ಹೊಗಳುತ್ತಿದ್ದರು. ನಾನು ತುಟಿ ಕಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದೆ.

ಆ ಭಕ್ತಿ ಹೆಚ್ಚು ದಿನ ನಡೆಯಲಿಲ್ಲ. ಒಂದು ಮನೆಯಲ್ಲಿ ಊಟಕ್ಕೆ ಮೊದಲು ಸ್ವಾಮಿಗಳು ಎಲ್ಲರಿಗೂ ಲಿಂಗವನ್ನು ಅಂಗೈಯಲ್ಲಿ ಹಿಡಿಯಲು ಹೇಳಿದರು. ಇವನು ಶಿವದಾರ ಎಳೆದ. ಅದಕ್ಕೆ ತೊಡಕಿಕೊಂಡು ಚೀಲವೂ ಹೊರಗೆ ಬಂತು. ಪಕ್ಕದಲ್ಲಿದ್ದ ಹಿರಿಯರು ಎರಡೆರಡು ಕರಡಿಗೆಯೇ ಎಂದು ಕೇಳಿದ್ದಕ್ಕೆ ಇವನು, ಒಂದು ನಮ್ಮಪ್ಪನದು ಅಂದ. ಅವನ ಬುದ್ಧಿಗೆ ಏನು ಹೇಳಲಿ. ನಮ್ಮವರು ಸತ್ತರೆ ಅವರ ಲಿಂಗವನ್ನು ಅವರ ಕೈಯಲ್ಲೇ ಇಟ್ಟು ಮಣ್ಣು ಕೊಡುತ್ತಾರೆ. ಮಗನ ಕೊರಳಿಗೆ ಅದು ಬರುವುದಿಲ್ಲ. ಕೂಸಿಗೂ ಗೊತ್ತಿರುವ ಮಾತು.

“ನಿಮ್ಮಪ್ಪಂದು ಅವನ ಸಂಗಟನ ಹೋಗ್ಯಾದಲ್ಲೋ ತಮ್ಮಾ,” ಅಂದರಂತೆ ಆ ಹಿರಿಯರು. “ನಾನೇ ಮಣ್ಣ ಹಾಕೀನಿ.”

ಇವನು ಉಣ್ಣದೆಯೇ ಎದ್ದು ಬಂದ. ಅವತ್ತಿನಿಂದ ಪಿಸ್ತೂಲು ನನ್ನ ಸೊಂಟಕ್ಕೆ ಬಂತು.

ಹೆಂಗಸಿನ ಸೀರೆ ಯಾರು ನೋಡುತ್ತಾರೆ ಎಂಬುದು ಅವನ ಲೆಕ್ಕ. ಗಂಡಸರು ನೋಡುವುದಿಲ್ಲ, ಖರೆ. ಹೆಂಗಸರು ನೋಡುವಷ್ಟು ಪೊಲೀಸರೂ ನೋಡುವುದಿಲ್ಲ. ಹೊಕ್ಕುಳ ಕೆಳಗೆ ಬಟ್ಟೆಯ ಪಟ್ಟಿಯಿಂದ ಬಿಗಿದು, ಮೇಲೆ ನಿರಿಗೆ ದಪ್ಪಗೆ ಹಿಡಿಯುತ್ತಿದ್ದೆ. ಚಳಿಯಲ್ಲಿ ಮಂಜಿನ ಗಡ್ಡೆ, ಬೇಸಿಗೆಯಲ್ಲಿ ಬೆವರುಸಾಲೆ. ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಹಿರಿಯರ ಕಾಲಿಗೆ ಪೂರಾ ಬಾಗುವಂತಿಲ್ಲ. ಮದುವೆ ಮನೆಯಲ್ಲಿ ಹೋಳಿಗೆ ಲಟ್ಟಿಸಲು ಕರೆದರೆ ನಾನು ಗೋಡೆಗೆ ಒರಗಿ ನಿಂತೇ ಇರುತ್ತಿದ್ದೆ. ಕಲ್ಯಾಣದವಳಿಗೆ ಸೊಕ್ಕು ಬಂದಿದೆ ಎಂದರು. ಯಾರಾದರೂ ಅಪ್ಪಿಕೊಳ್ಳಲು ಬಂದರೆ ಮಗ್ಗಲು ಕೊಡುತ್ತಿದ್ದೆ. ಅದಕ್ಕೂ ಮಾತು ಬಂತು. ಎದುರಿಗೆ ಯಾರ ಕಣ್ಣು ಕೆಳಗಿಳಿದರೂ ನನ್ನ ಹೊಟ್ಟೆಯನ್ನೇ ನೋಡಿದಂತೆ ಅನಿಸಿ ಸೆರಗು ಎಳೆದುಕೊಳ್ಳುತ್ತಿದ್ದೆ. ಗಂಡನ ಹಾಗೆ ನಾನೂ ಮುಟ್ಟಿ ಮುಟ್ಟಿ ನೋಡಿಕೊಳ್ಳತೊಡಗಿದ್ದೆ ಎಂದು ತಿಳಿದ ದಿನ ನನ್ನ ಮೇಲೆ ನನಗೇ ಹೇಸಿಕೆ ಬಂತು.

ಗುಂಡುಗಳು ಅವನ ಕಿಸೆಯಲ್ಲಿ ಇರುತ್ತಿದ್ದವು. ಹೆಂಗಸಿನ ಕೈಗೆ ಗುಂಡು ಕೊಡಬಾರದಂತೆ. ಅಂದರೆ ವೈರಿ ಬಂದರೆ ಇವನು ಮೊದಲು ಹೆಂಗಸರ ಕೋಣೆಗೆ ಬರಬೇಕು. ನೂರು ಹೆಂಗಸರ ನಡುವೆ ನನ್ನನ್ನು ಹುಡುಕಬೇಕು. ನಾನು ಮರೆಗೆ ಹೋಗಿ ನಿರಿಗೆ ಬಿಚ್ಚಬೇಕು. ಇವನು ಕಿಸೆಯಿಂದ ಒಂದೊಂದೇ ಗುಂಡು ತೆಗೆದು ತುಂಬಬೇಕು. ಅಲ್ಲಿಯ ತನಕ ವೈರಿ ಎಲೆ ಅಡಿಕೆ ಹಾಕಿಕೊಂಡು ಹಂದರದಲ್ಲಿ ಕಾಯಬೇಕು. ಇದನ್ನು ಅವನಿಗೆ ಒಮ್ಮೆ ಹೇಳಿದೆ. ನಿನಗೆ ತಿಳಿಯುವುದಿಲ್ಲ ಅಂದ.

ಯಾಕೆ ಹೊತ್ತೆ ಎಂದು ಕೇಳಬಹುದು. ಮದುವೆಯಾಗಿ ಬಹಳ ವರ್ಷವಾಗಿದ್ದರೂ ನನಗೆ ಮಕ್ಕಳಾಗಿರಲಿಲ್ಲ. ಮಕ್ಕಳಿಲ್ಲದ ಸೊಸೆ ಹೇಳಿದ್ದನ್ನು ಕೇಳಿಕೊಂಡಿರಬೇಕು, ಅಷ್ಟೆ. ಅತ್ತೆ ಆಗಲೇ ಮಗನಿಗೆ ಎರಡನೆಯ ಹೆಣ್ಣು ನೋಡುತ್ತಿದ್ದರು. ದೂರ ಏನಲ್ಲ, ಹುಮನಾಬಾದಿನಲ್ಲಿದ್ದ ತಮ್ಮನ ಮನೆಯಲ್ಲೇ. ಆ ತಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಬಸುರಿಯಾಗಿ ತವರಿಗೆ ಬಂದಿದ್ದಳು, ಅವಳ ಕುಬಸಕ್ಕೆಂದು ನಾವು ಹೊರಟೆವು. ಬಸ್ಸಿನಲ್ಲಿ ಅತ್ತೆ ನೆಟ್ಟಗೆ ಹೇಳಿಬಿಟ್ಟರು.

“ಸಣ್ಣಾಕಿನ ಚಂದಾಗಿ ನೋಡ್ಕೋ. ನಾಳಿಗಿ ನಿಂಗ ತಂಗಿ ಆಗ್ತಾಳ.”

ನಾನು ಹೂಂ ಅಂದೆ. ಹೊಟ್ಟೆಯ ಮೇಲೆ ಕಬ್ಬಿಣ, ಮಗ್ಗಲಲ್ಲಿ ಅತ್ತೆ, ಹಿಂದಿನ ಸೀಟಿನಲ್ಲಿ ಬಾಗಿಲು ಕಾಯುತ್ತ ಕುಳಿತ ಗಂಡ. ಬೇರೆ ಏನು ಹೇಳುವುದಿತ್ತು?

ಕುಬಸದ ಮನೆಯಲ್ಲಿ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಮಣೆಯ ಮೇಲೆ ಕೂಡಿಸಿದ್ದರು. ಹೆಂಗಸರೆಲ್ಲ ಅವಳ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದರು. ಅದಾದ ಮೇಲೆ ಆ ಉಡಿಯಿಂದಲೇ ಒಂದು ಹಿಡಿ ತೆಗೆದು ಮಕ್ಕಳಾಗದವಳ ಉಡಿಗೆ ಹಾಕುತ್ತಾರೆ. ಅವಳಿಗೂ ಆಗಲಿ ಎಂದು. ಅತ್ತೆ ನನ್ನನ್ನು ಮುಂದೆ ನೂಕಿದರು. ಬೇಡ ಅನ್ನುವಂತಿಲ್ಲ. ಉಡಿ ತುಂಬುವವಳು ಬಸುರಿಯ ತಾಯಿಯ ತಾಯಿ. ಕಣ್ಣು ಮಂಜಾದ ಮುದುಕಿ, ಕೈಯಿಂದಲೇ ಎಲ್ಲ ನೋಡುವವಳು. ಅಕ್ಕಿ ಹಾಕಿ, ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಲು ಕೈ ಒಳಗೆ ತೂರಿಸಿದಳು. ಕೈ ಅಲ್ಲೇ ನಿಂತಿತು. ಒತ್ತಿ ನೋಡಿದಳು.

“ಇಕಿ ಉಡಿ ನಾ ಯಾಕ ತುಂಬ್ಲೇ? ಮೊದಲೇ ತುಂಬ್ಯಾದ,” ಅಂದಳು. “ಹೊಟ್ಟಿ ಕಲ್ಲಿನಂಗ ಗಟ್ಟಿ ಅದ. ಗಂಡೇ ಹುಟ್ಟತಾದ ನೋಡ್ರಿ.”

ಹೆಂಗಸರು ಗಲಗಲ ಅಂದರು. ಅದಕ್ಕೇ ಬಾಗುತ್ತಿರಲಿಲ್ಲ, ಅದಕ್ಕೇ ಅಪ್ಪಿಕೊಳ್ಳುತ್ತಿರಲಿಲ್ಲ ಎಂದು ಒಬ್ಬೊಬ್ಬರೂ ಒಂದೊಂದು ನೆನಪು ಮಾಡಿಕೊಂಡರು. ಸೊಕ್ಕಿನವಳು ಒಂದು ಗಳಿಗೆಯಲ್ಲಿ ಪುಣ್ಯವಂತಳಾದೆ. ಅತ್ತೆ ನನ್ನ ಮುಖ ಎರಡು ಕೈಯಲ್ಲಿ ಹಿಡಿದು ನೆಟಿಕೆ ಮುರಿದರು.

“ಯಾಕ ಹೇಳಲಿಲ್ಲ ತಾಯಿ?”

ತಾಯಿ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು. ಆ ಒಂದು ಮಾತಿಗೆ ನನಗೆ ಕೆಡುಕೆನಿಸಿತು, ಬೇರೆ ಯಾವುದಕ್ಕೂ ಇಲ್ಲ. ನನಗೂ ಮಣೆ ಹಾಕಿ, ಹಸಿರು ಬಳೆ ತರಿಸುವ ಮಾತು ನಡೆಯಿತು. ಬಾಯಾರಿಕೆ ಎಂದು ಹೇಳಿ ಹಿತ್ತಲಿಗೆ ಹೋದೆ.

ಸುದ್ದಿ ಗಂಡಸರ ಹಂದರಕ್ಕೆ ನನಗಿಂತ ಮೊದಲೇ ಹೋಗಿತ್ತು. ನನ್ನ ಗಂಡ ಹಿತ್ತಲ ಬಾಗಿಲಿಗೆ ಬಂದ. ಮೀಸೆಗೆ ಪೇಢೆಯ ಪುಡಿ ಅಂಟಿತ್ತು. ಅಪ್ಪನಾಗುತ್ತೀ ಎಂದು ಮಂದಿ ಬಾಯಿಗೆ ಇಟ್ಟಿದ್ದಾರೆ, ಇವನು ತಿಂದಿದ್ದಾನೆ. ಒಳಗಿರುವುದು ಏನೆಂದು ಆ ಊರಲ್ಲಿ ನನ್ನ ಬಿಟ್ಟರೆ ಗೊತ್ತಿದ್ದವನು ಅವನೊಬ್ಬನೇ.

“ಇವತ್ತ ಹೂಂ ಅಂದುಬಿಡು,” ಅಂದ. “ಎರಡ್ ತಿಂಗಳ ಬಿಟ್ಟು ಬಿದ್ದುಹೋತು ಅಂದ್ರಾತು.”

“ಪಿಸ್ತೂಲ್ ಅದ ಅಂತ ನೀವೇ ಹೇಳ್ರಿ.”

“ಹೆಂಡ್ತಿ ಸೀರ್ಯಾಗ ಇಟ್ಟಾನಂತ ಮಂದಿ ನಗಂಗಿಲ್ಲೇನು? ನನ್ನ ಮಾನ ಏನ್ ಉಳೀತಾದ?”

ಅವನ ಮಾನ. ನಾನು ನಿಂತಲ್ಲೇ ಮುಂದಿನದನ್ನು ನೋಡಿದೆ. ಇಲ್ಲಿಯ ತನಕ ನಾನು ಮಕ್ಕಳಾಗದವಳು. ಬಿದ್ದುಹೋಯಿತು ಅಂದರೆ ಹೊಟ್ಟೆ ನಿಲ್ಲದವಳಾಗುತ್ತೇನೆ. ಅತ್ತೆಗೆ ಆ ಮೇಲೆ ತಡೆಯೇ ಇಲ್ಲ, ಸಣ್ಣವಳು ಮುಂದಿನ ಬೇಸಿಗೆಗೆ ನಮ್ಮ ಮನೆಯಲ್ಲಿರುತ್ತಾಳೆ. ಇವನು ಅದನ್ನು ಯೋಚಿಸಿದ್ದನೋ ಇಲ್ಲವೋ ನನಗೆ ಈಗಲೂ ತಿಳಿಯದು. ಯೋಚಿಸಿದ್ದರೆ ಕೆಟ್ಟವನು, ಯೋಚಿಸದಿದ್ದರೆ ದಡ್ಡ. ಯಾವುದಾದರೂ ಅಷ್ಟೆ.

ಒಳಗೆ ಬಂದೆ. ನನಗೆಂದು ಇನ್ನೊಂದು ಮಣೆ ಹಾಕಿದ್ದರು, ತಟ್ಟೆಯಲ್ಲಿ ಹಸಿರು ಬಳೆ ಇದ್ದವು. ನಾನು ಕೂರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಪಟ್ಟಿ ಸಡಿಲಿಸಿ, ಪಿಸ್ತೂಲು ತೆಗೆದು, ಬಳೆಯ ತಟ್ಟೆಯಲ್ಲಿ ಇಟ್ಟೆ. ಒಂದೆರಡು ಬಳೆ ಒಡೆದವು.

“ಅತ್ತಿ, ಇದು ನಿಮ್ಮ ಮಗನ ಕೂಸು,” ಅಂದೆ. “ವರ್ಷಾತು ಹೊತ್ಕೊಂಡು ತಿರಗಾಕತ್ತೇನಿ. ಇನ್ನ ನನ್ನ ಕೈಲೆ ಆಗೂದಿಲ್ಲ.”

ಹತ್ತಿರ ಇದ್ದವರು ಹಿಂದೆ ಸರಿದರು. ಬಸುರಿಯನ್ನು ಎಬ್ಬಿಸಿ ದೂರ ಕೂಡಿಸಿದರು. ಗುಂಡು ಇಲ್ಲ, ಅವು ಅವನ ಕಿಸೆಯಲ್ಲಿವೆ ಎಂದು ನಾನು ಹೇಳಿದ ಮೇಲೆ ಉಸಿರು ಬಿಟ್ಟರು. ಮುದುಕಿ ಮಾತ್ರ ಅಂಜಲಿಲ್ಲ. ಕೈ ಹಾಕಿ ತಡವಿ ನೋಡಿ, “ಅದಕ್ಕೇ ಇದು ಕಾಲ್ ಆಡಸ್ಲಿಲ್ಲ,” ಅಂದಳು.

ಅತ್ತೆಯ ಮುಖ ನಾನು ನೋಡಲಿಲ್ಲ. ದನಿ ಕೇಳಿದೆ.

“ಅಂವಾ ಕಟ್ಟಿಸ್ಯಾನ?”

“ಹೌದ್ರಿ.”

“ಯಾರ ಅಂಜಿಕಿಗಿ?”

ದೊಡ್ಡಪ್ಪನ ಮಗನ ಹೆಸರು ಹೇಳಿದೆ. ಅತ್ತೆ ಬಾಗಿಲ ಕಡೆ ನೋಡಿದರು. ನಮ್ಮ ಮನೆತನದವನು ಎಂದು ಅವನನ್ನೂ ಕುಬಸಕ್ಕೆ ಕರೆದಿದ್ದರು.

“ಅಂವಾ ಹೊರಗ ಹುಗ್ಗಿ ಬಡಸಾಕತ್ತಾನಲ್ಲೇ,” ಅಂದರು ಅತ್ತೆ. “ಈಗರೆ ನಿನ್ನ ಗಂಡನ ಎಲಿಗಿ ತುಪ್ಪ ಹಾಕ್ಯಾನ.”

ಯಾರೋ ಒಬ್ಬಳು ಮೂಗಿನಲ್ಲಿ ನಕ್ಕಳು. ಆಗ ಅತ್ತೆಯ ತಮ್ಮನ ಹೆಂಡತಿ, ಸಣ್ಣ ಹುಡುಗಿಯ ತಾಯಿ, ಪಿಸ್ತೂಲನ್ನೂ ನನ್ನನ್ನೂ ನೋಡಿ ಬಹಳ ಮರ್ಯಾದೆಯಿಂದ ಮಾತಾಡಿದಳು.

“ವೈನಿ, ನನ್ನ ಮಗಳ್ನ ನಿಮ್ಮ ಮನಿಗಿ ಕೊಡೂದು ಬ್ಯಾಡ್ರಿ. ಆಕಿ ಸೊಂಟ ಸಣ್ಣದು, ಪಿಸ್ತೂಲ ನಿಲ್ಲೂದಿಲ್ಲ.”

ಅದಕ್ಕೆ ಇಡೀ ಕೋಣೆ ನಕ್ಕಿತು. ಆ ನಗುವಿನಲ್ಲೇ ಎರಡನೆಯ ಮದುವೆಯ ಮಾತು ಮುಗಿದು ಹೋಯಿತು. ಹಳ್ಳಿಖೇಡದ ತನಕ ಕತೆ ಹರಡಿದ ಮೇಲೆ ಹೆಣ್ಣು ಕೊಡುವವರು ಯಾರು? ಅತ್ತೆ ಮತ್ತೆಂದೂ ಆ ಮಾತು ಎತ್ತಲಿಲ್ಲ. ಮುದುಕಿ ನನ್ನನ್ನು ಕರೆದು, ಈಗ ಜಾಗ ಇದೆ ಎಂದು ಮತ್ತೊಮ್ಮೆ ಉಡಿ ತುಂಬಿದಳು. ನನಗೆ ಮಕ್ಕಳಾದದ್ದು ಆ ಅಕ್ಕಿಯಿಂದಲೇ ಎಂದು ಅತ್ತೆ ಸಾಯುವ ತನಕ ಹೇಳುತ್ತಿದ್ದರು. ಹೇಳಲಿ ಎಂದು ಬಿಟ್ಟಿದ್ದೆ.

ಪಿಸ್ತೂಲನ್ನು ಯಾರೂ ಮುಟ್ಟಲಿಲ್ಲ. ಬೆಕ್ಕು ಬಾಯಿ ಹಾಕದಂತೆ ಹಾಲು ಮುಚ್ಚುವ ಹಾಗೆ ಅತ್ತೆ ಅದರ ಮೇಲೆ ಒಂದು ಬುಟ್ಟಿ ಬೋರಲು ಹಾಕಿದರು. ಗಂಡ ಒಳಗೆ ಕಾಲಿಡಲಿಲ್ಲ. ಹೊರಗೆ ಸುದ್ದಿ ಕೇಳಿದ ದೊಡ್ಡಪ್ಪನ ಮಗ, ಬದುವಿನ ಮಾತನ್ನು ಹಿರಿಯರ ಮುಂದೆ ಮುಗಿಸೋಣ, ಬಾ, ಮೊದಲು ಊಟ ಮಾಡು ಅಂದನಂತೆ. ಇವನು ತಲೆ ತಗ್ಗಿಸಿ ಉಂಡನಂತೆ.

ಮರುದಿನ ಬೆಳಗ್ಗೆ ಹೊರಡುವಾಗ ಗಂಡ ಬಾಗಿಲಿಗೆ ಬಂದು ನಿಂತ. ಪಿಸ್ತೂಲಿಗೆ ತನ್ನ ಟವೆಲ್ಲು ಸುತ್ತಿದ್ದ. ಬಸ್ಸಿನಲ್ಲಿ ಮಂದಿ ಬಹಳ ಇರುತ್ತಾರೆ, ಇವತ್ತೊಂದು ದಿನ ಕಟ್ಟಿಕೋ ಅಂದ. ನಾನು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ತವರಿಗೆ ಹೋಗುತ್ತೇನೆ, ನಾನು ಬೇಕಾದರೆ ನಿಮ್ಮ ಮಗ ಕರೆಯಲು ಬರಲಿ, ಕೈಬೀಸಿಕೊಂಡು ಬರಲಿ ಎಂದು ಹೇಳಿದೆ. ಅತ್ತೆ ಹೋಗು ಅಂದರು. ಕಲ್ಯಾಣದ ಬಸ್ಸು ಹತ್ತಿದೆ, ಅಲ್ಲಿ ಇಳಿದು ಮನೆಯ ಕಡೆ ತಿರುಗದೆ ಮಂಠಾಳದ ಬಸ್ಸು ಹಿಡಿದು ತಾಯಿಯ ಮನೆಗೆ ಹೋದೆ.