ಹೊಸ್ತಿಲಾಚೆಯ ಚಪ್ಪಲಿಗಳು

ಮಳೆಯಲ್ಲಿ ನೆನೆದ ರಬ್ಬರ್ ಚಪ್ಪಲಿಗಳಿಗೆ ಒಂದು ವಾಸನೆಯುಂಟು. ಹೋದ ವಾರ ಚಿನಕುರಳಿಯ ಮನೆಯೊಂದರ ಜಗುಲಿಯ ಕೆಳಗೆ ರಾಶಿಬಿದ್ದಿದ್ದ ಚಪ್ಪಲಿಗಳ ಮುಂದೆ ನಾನೂ ನನ್ನ ಮಗಳೂ ನಿಂತಾಗ ಆ ವಾಸನೆ ಮೂಗಿಗೆ ತಾಕಿತು. ಎಷ್ಟೋ ವರ್ಷಗಳ ಹಿಂದಿನ ಇನ್ನೊಂದು ಬಾಗಿಲು ಮೆಲ್ಲಗೆ ತೆರೆದುಕೊಂಡಿತು...

ಅದು ಅದೇ ಊರಿನ ಅಂಗನವಾಡಿಯ ಬಾಗಿಲು. ಆಗ ನಾನು ಅಲ್ಲಿನ ಶಾಲೆಯ ಮೇಷ್ಟ್ರು. ನಾಲ್ಕು ವರ್ಷದ ಮಗಳು ಮನೆಯಲ್ಲಿ ಪಟಪಟನೆ ಮಾತನಾಡುತ್ತಿದ್ದಳು. ಹೊರಗೆ ಕಾಲಿಟ್ಟರೆ ಒಂದಕ್ಷರವೂ ಹೊರಡುತ್ತಿರಲಿಲ್ಲ. ಅಂಗನವಾಡಿಯ ಒಳಗೂ ಹೋಗದೆ, ಬಾಗಿಲಲ್ಲೇ ಕುಳಿತು, ಮಕ್ಕಳು ಕಳಚಿ ಎಸೆದ ಚಪ್ಪಲಿಗಳನ್ನು ಜೋಡಿಮಾಡುತ್ತಿದ್ದಳು. ಶಾಲೆಗೆ ಸೇರಿಸುವ ಕಾಲ ಹತ್ತಿರವಾಗುತ್ತಿತ್ತು. ಅಲ್ಲಿಯೂ ಹೀಗೆಯೇ ಮೂಕಳಾಗಿ ಉಳಿದರೆ ಗತಿಯೇನೆಂಬ ಚಿಂತೆಯಲ್ಲಿ ನನ್ನ ಹೆಂಡತಿಗೆ ನಿದ್ದೆಯಿರಲಿಲ್ಲ.

ಅಲ್ಲಿನ ಟೀಚರಮ್ಮ ಮಾತ್ರ ಅವಳನ್ನು ಎಬ್ಬಿಸುತ್ತಲೇ ಇರಲಿಲ್ಲ.

“ಒಳಗೆ ಕೂರಿಸಿ ಅಕ್ಷರ ಹೇಳಿಕೊಡಿ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಕಲಿಯುತ್ತಾರೆಯೇ?” ಎಂದೆ ಒಮ್ಮೆ.

“ಸುಮ್ನಿರಿ ಮೇಷ್ಟ್ರೇ, ನಿಮ್ ಬೆತ್ತ ನಿಮ್ ಇಸ್ಕೂಲಲ್ಲೇ ಇರ್ಲಿ,” ಎಂದು ನಕ್ಕರು. “ಯೋಳ್ಕೊಡಾಕೆ ನಂಗೂ ಬತ್ತದೆ. ಅವ್ಳಾಗವ್ಳೇ ಏನಾರ ಕೇಳೋಗಂಟ ಕಾಯ್ತಾ ಇವ್ನಿ.”

ಅವರು ಬರಿದೇ ಕಾಯುತ್ತಿರಲಿಲ್ಲವೆಂದು ತಿಳಿದದ್ದು ಒಂದು ಮಧ್ಯಾಹ್ನ. ಈಗ ನೆನೆದರೆ ಅದು ನೀರಿನೊಳಗಿನಿಂದ ಕಂಡಂತೆ ಕಾಣುತ್ತದೆ... ಮಬ್ಬು ಬಿಸಿಲು, ಚಾಪೆಯ ಮೇಲೆ ನಿದ್ದೆಹೋದ ಮಕ್ಕಳು, ದೂರದಲ್ಲೆಲ್ಲೋ ಕಲ್ಲು ಒಡೆಯುವ ಸದ್ದು. ಮಗಳು ಒಂದು ಕೆಂಪು ಚಪ್ಪಲಿಯನ್ನು ಎದೆಗೊತ್ತಿಕೊಂಡು ಅದರ ಜೋಡಿಯನ್ನು ಹುಡುಕುತ್ತಿದ್ದಳು. ಅದು ಒಳಗೆ ಟೀಚರಮ್ಮನ ಸೆರಗಿನ ಮರೆಯಲ್ಲಿತ್ತು. ನನಗೆ ಕಂಡಿತು, ಹೇಳಬೇಡಿರೆಂದು ಅವರು ಕಣ್ಣಲ್ಲೇ ತಡೆದರು. ಮಗಳು ಎದ್ದಳು. ಹೊಸ್ತಿಲು ದಾಟಿದಳು.

“ಟೀಚರ್... ಇದ್ರದ್ದು ಇನ್ನೊಂದೆಲ್ಲಿ?”

“ಇಲ್ಲೇ ಅದೆ ತಕೋ, ನನ್ನವ್ವ. ಬಾ, ಎಂಗಿಡೋದು ಅಂತ ತೋರುಸ್ತೀನಿ. ಮೂತಿ ಆಚೆ ಕಡೀಕಿರ್ಬೇಕು. ಮನೆಗೋಗೋರ್ಗೆ ಸಲೀಸು.”

ನಾನು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ.

ಆಮೇಲೆ ದೊಡ್ಡದು ಚಿಕ್ಕದು, ಎಡ ಬಲ, ಕಡೆಗೆ ಅಕ್ಷರ, ಎಲ್ಲವನ್ನೂ ಅವರೇ ಹೇಳಿಕೊಟ್ಟರು. ಒಮ್ಮೆ ಕಲಿಸಲು ಕುಳಿತರೆ ನನಗಿಂತಲೂ ಬಿಗಿ.

ಹೋದ ವಾರ ಆ ಜಗುಲಿಯ ಮನೆಯೊಳಗೆ ಟೀಚರಮ್ಮನ ಭಾವಚಿತ್ರಕ್ಕೆ ಹಾರ ಹಾಕಿದ್ದರು. ಕೈಮುಗಿದು ಹೊರಬಂದೆ. ಮಗಳು ಮೆಟ್ಟಿಲ ಬಳಿ ಕುಳಿತು, ಬಂದವರ ಚಪ್ಪಲಿಗಳನ್ನೆಲ್ಲ ಜೋಡಿಮಾಡಿ, ಮೂತಿ ಆಚೆಗೆ ತಿರುಗಿಸಿಡುತ್ತಿದ್ದಳು. ಗೋಡೆಯ ಮೂಲೆಯಲ್ಲಿ ಹಿಮ್ಮಡಿ ಸವೆದ ಒಂದು ಜೊತೆ ಉಳಿದಿತ್ತು.

“ಅದು ಟೀಚರಮ್ಮನದೇ ಕಣವ್ವ,” ಎಂದರು ಯಾರೋ.

ಮಗಳು ಅದನ್ನು ಸೆರಗಿನಿಂದ ಒರೆಸಿದಳು. ಆ ಒಂದು ಜೊತೆಯನ್ನು ಮಾತ್ರ, ಮೂತಿ ಮನೆಯ ಕಡೆಗಿರುವಂತೆ ಇಟ್ಟಳು.